ಬೇಲಿ ಹತ್ತಿರ ಸತ್ತವನು

ವೆರಿಬೀ, 3 ಅಕ್ಟೋಬರ್ 2004

ಮತ್ತೆ ಇವರ ಕೋಟಿನ ಗುಂಡಿ. ಹಾಕಿಕೊಂಡೇ ನಿಂತು, ಹೊಲಿ ಅಂದರು. ಬಿಚ್ಚಿಕೊಡಿ ಅಂದೆ — ಮೈಮೇಲಿನ ಬಟ್ಟೆಗೆ ಸೂಜಿ ಹಾಕಬಾರದು. ವಾರವೆಲ್ಲ ಕಂಪ್ಯೂಟರ್, ಭಾನುವಾರ ಸಿಪಾಯಿ. ಅಮೆರಿಕದ ಹಳೆಯ ಅಂತರ್ಯುದ್ಧವನ್ನು ವೇಷ ಹಾಕಿ ಮೈದಾನದಲ್ಲಿ ಮತ್ತೆ ಆಡಿ ತೋರಿಸುವುದಂತೆ, ಸ್ವಯಂಸೇವಕರ ಕಾಲಾಳು ರೆಜಿಮೆಂಟಂತೆ. ಆಡುವವರು ಮೆಲ್ಬರ್ನಿನವರು! ಇವರಿಗೇನು ತಲೆ ಕೆಟ್ಟಿದೆಯೋ...

9 ಅಕ್ಟೋಬರ್

ಚೀಟಿ ಎತ್ತಿದರಂತೆ. ಆ ರೆಜಿಮೆಂಟಿನ ಚರಿತ್ರೆಯಲ್ಲಿದ್ದ ಒಬ್ಬೊಬ್ಬನ ಹೆಸರು ಒಬ್ಬೊಬ್ಬರಿಗೆ. ಅವನು ಉಳಿದಿದ್ದರೆ ಉಳಿಯಬೇಕು, ಸತ್ತಿದ್ದರೆ ಅದೇ ರೀತಿ ಸಾಯಬೇಕು. ಇವರಿಗೆ ಬಂದವನೊಬ್ಬ ಬಡಗಿ. ಎರಡನೆಯ ದಾಳಿಯಲ್ಲಿ, ಬೇಲಿ ಹತ್ತಿರ ಗುಂಡು ಬಿದ್ದು ಸತ್ತವನು. ಖುಷಿಯೋ ಖುಷಿ. ಲೌಂಜಿನಲ್ಲಿ ಬಿದ್ದು ಬಿದ್ದು ಪ್ರಾಕ್ಟೀಸ್.

"ರೀ, ಬ್ಯಾರೆಯವ್ರ ಚೀಟಿ ತಗೋರಿ. ನೀವ್ ಸಾಯೂದ್ ಬ್ಯಾಡ."

"ಏ ಹುಚ್ಚಿ, ಆಟ ಐತಿ ಅದು."

ಅಣ್ಣನ ವಿಷಯ ಬಾಯಿತನಕ ಬಂತು. ನುಂಗಿಕೊಂಡೆ. ಕಾರ್ಗಿಲ್ ಮುಗಿದು ಐದು ವರ್ಷ. ಅಲ್ಲಿಂದ ಅಣ್ಣನ ಪೆಟ್ಟಿಗೆ ಬೆಳಗಾವಿಗೆ ಬಂದಾಗ ನಾನು ಇಲ್ಲಿದ್ದೆ. ಹೋಗುವಷ್ಟರಲ್ಲಿ ಮಣ್ಣು ಮಾಡಿದ್ದರು. ಮುಖ ನೋಡಲಿಲ್ಲ.

22 ಅಕ್ಟೋಬರ್

ಅಣ್ಣನ ಮುಖ ನೋಡದೇ ಉಳಿದದ್ದನ್ನು ಇವರಿಗೆ ಹೇಳಿಬಿಟ್ಟೆ. ಎದ್ದು ಹೋಗಿ, ರೆಜಿಮೆಂಟಿನ ಗೆಳೆಯ ಮೂರ್ತಿಗೆ ಫೋನ್ ಮಾಡಿ ಚೀಟಿ ಬದಲಿಸಿಕೊಂಡರು. ಮೂರ್ತಿಯ ಸಿಪಾಯಿ ಬದುಕಿ ಊರಿಗೆ ಹೋದವನು.

ಸಮಾಧಾನ ಆಗಬೇಕಿತ್ತು. ಆಗಿಲ್ಲ. ಮನೆತುಂಬ ಸುಮ್ಮನೆ ಓಡಾಡುತ್ತಿದ್ದೇನೆ.

ಟೂಂಗಾಬಿ, 31 ಅಕ್ಟೋಬರ್, ಸಂಜೆ

ಸಿಡ್ನಿಯ ಶೋ ಮುಗಿಸಿ ಗೆಳತಿ ಶ್ರೀವಿದ್ಯಾಳ ಮನೆಗೆ ಬಂದೆವು.

ಇವರು ಹೊಸ ಚೀಟಿಯಂತೆ ಬದುಕಿ ಉಳಿದರು. ಹೊಗೆಯಲ್ಲಿ ಕಾಣುತ್ತಲೇ ಇದ್ದರು, ನಿಂತೇ ಇದ್ದರು. ಬೇಲಿ ಹತ್ತಿರ ಮೂರ್ತಿ ಬಿದ್ದ. ಮುಖ ಹುಲ್ಲಿನೊಳಗೆ, ಬೆನ್ನಷ್ಟೇ ಕಾಣುತ್ತಿತ್ತು. ಯಾರೂ ತಿರುಗಿಸಿ ನೋಡಲಿಲ್ಲ. ಎಲ್ಲರೂ ದಾಟಿಕೊಂಡು ಓಡಿದರು. ನನಗೆ ಏನಾಯಿತೋ... ನೋಡುವವರನ್ನು ತಡೆಯಲು ಕಟ್ಟಿದ್ದ ಹಗ್ಗ ದಾಟಿ ಹೋದೆ. ಭುಜ ಹಿಡಿದು ತಿರುಗಿಸಿದೆ.

ಮೂರ್ತಿ ಒಂದು ಕಣ್ಣು ಬಿಟ್ಟ. "ಅಯ್ಯೋ ಮಹಾಶ್ವೇತಾ ಅವ್ರೇ, ನಾನ್ ಸತ್ತಿದೀನಿ! ಬ್ಯೂಗಲ್ ಊದೋವರ್ಗೂ ಏಳಂಗಿಲ್ಲ, ಹೋಗಿ!"

ಜನ ನಕ್ಕರು. ಇವರು ಬಂದೂಕು ಬಿಸಾಕಿ ಓಡಿ ಬಂದು ನನ್ನ ಕೈ ಹಿಡಿದುಕೊಂಡರು.

ಬ್ಯೂಗಲ್ ಊದಿದರು. ಸತ್ತವರೆಲ್ಲ ಎದ್ದರು. ಹುಲ್ಲು ಕೊಡವಿಕೊಂಡರು, ಟೋಪಿ ಹುಡುಕಿಕೊಂಡರು. ಚಪ್ಪಾಳೆ. ನಡಿ, ಮುಗೀತು, ಎಲ್ಲಾರೂ ಎದ್ರು ಅಂದರು ಇವರು. ನಾನು ಮಾತ್ರ ಅಲ್ಲೇ ನಿಂತು, ಇನ್ನೂ ಒಬ್ಬ ಏಳುವುದಿದೆ ಅಂತ —