ಒಂದು ಗಂಟೆ ಕಡಿಮೆ

ಜನವರಿ 6, ಸೋಮವಾರ. ಬೆಳಿಗ್ಗೆ 8.20, ಲ್ಯಾಬ್

ಹನ್ನೆರಡು ಕಂಪ್ಯೂಟರಿನಲ್ಲಿ ಹನ್ನೊಂದು ಎದ್ದವು. ಬಾಗಿಲ ಪಕ್ಕದ್ದಕ್ಕೆ ಎರಡು ಸಲ ತಟ್ಟಿದ ಮೇಲೆ ಬುದ್ಧಿ ಬಂತು. ಒಂದು ಮೌಸಿನ ವೈರನ್ನು ಮತ್ತೆ ಯಾರೋ ಕಚ್ಚಿದ್ದಾರೆ. ಇಲಿಯಲ್ಲ, ಒಂಬತ್ತನೆಯ ಕ್ಲಾಸಿನ ಹಲ್ಲು. ಒಂಬತ್ತು ವರ್ಷದಿಂದ ಇದೇ ಬೆಳಗು, ಇದೇ ಧೂಳು. ಬೇಸರ ಅನ್ನಿಸಿಲ್ಲ.

ಮಧ್ಯಾಹ್ನ 2

ಹೆಡ್ ಮೇಡಂ ಕರೆದರು. ಕೈಯಲ್ಲಿ ಸುತ್ತೋಲೆ. ಇನ್ನು ಮುಂದೆ ಪ್ರೋಗ್ರಾಮಿಂಗ್ ಕಲಿಸುವವರಿಗೆ ಆ ವಿಷಯದ್ದೇ ಬೋಧನಾ ಲೈಸೆನ್ಸ್ ಬೇಕಂತೆ. ನನ್ನದು ಗಣಿತದ್ದು. ಫೆಬ್ರವರಿ 28ರೊಳಗೆ ಲೈಸೆನ್ಸ್ ನಂಬರ್ ಕೊಡದಿದ್ದರೆ ಪ್ರೋಗ್ರಾಮಿಂಗ್ ರದ್ದು, ನನ್ನ ಇಪ್ಪತ್ತಮೂರು ಮಕ್ಕಳು ಟೈಪಿಂಗಿಗೆ. ಎರಡು ವರ್ಷ ಕಲಿತದ್ದು ನೀರಿನಲ್ಲಿ ಹೋಮ.

"ಹಾಗಾದ್ರೆ ಒಂಬತ್ತು ವರ್ಷ ನಾನು ಮಾಡಿದ್ದೇನು ಮೇಡಂ, ಕಳ್ಳ ವ್ಯಾಪಾರನಾ?"

"ನನ್ ಮೇಲ್ಯಾಕೆ ಹಾರ್ತೀರಿ ಟೀಚರ್? ಕಾನೂನು ನಾನ್ ಮಾಡಿದ್ದಾ? ಹೋಗಿ ಒಂದು ಲೈಸೆನ್ಸ್ ತಗೊಂಡ್ ಬನ್ನಿ."

ಒಂದು ಕಟ್ಟು ಕೊತ್ತಂಬರಿ ತಗೊಂಡ್ ಬನ್ನಿ ಅಂದ ಹಾಗೆ.

ಜನವರಿ 8, ಬುಧವಾರ

ಅರ್ಧ ದಿನ ರಜೆ. ಲೈಸೆನ್ಸ್ ಆಫೀಸು, ಮೂರನೆಯ ಕಿಟಕಿ. ಗುಮಾಸ್ತ ಬಹಳ ಸಭ್ಯ ಮನುಷ್ಯ. ಅದೇ ಕಷ್ಟ. ಅವನು ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು.

ಪಟ್ಟಿಯಲ್ಲಿ ಪ್ರೋಗ್ರಾಮಿಂಗ್ ಅನ್ನುವ ವಿಷಯವೇ ಇಲ್ಲ! 'ಕಚೇರಿ ಯಂತ್ರಗಳು' ಅಂತ ಒಂದಿದೆ. ಟೈಪ್‌ರೈಟರ್, ನಕಲು ಯಂತ್ರ, ಕಂಪ್ಯೂಟರ್ — ಎಲ್ಲ ಒಂದೇ ಚೀಲದಲ್ಲಿ. ಅದಕ್ಕೆ ಲಿಖಿತ ಪರೀಕ್ಷೆ ಆಗಬೇಕು, ಟೈಪಿಂಗ್ ಪರೀಕ್ಷೆ ಆಗಬೇಕು. ಅದೂ ಸಾಲದು. ಅದೇ ಲೈಸೆನ್ಸ್ ಇರುವ ಇನ್ನೊಬ್ಬರು ನನ್ನ ಕ್ಲಾಸಿನಲ್ಲಿ ಕೂತು ನಲವತ್ತು ಗಂಟೆ ಪಾಠ ನೋಡಿ, ಗಂಟೆಗೊಂದರಂತೆ ಲಾಗ್ ಪುಸ್ತಕದಲ್ಲಿ ಸಹಿ ಹಾಕಬೇಕು.

"ಅಂಥವರು ಯಾರಿದ್ದಾರೆ?"

ರಿಜಿಸ್ಟರ್ ತಿರುವಿದ. "ನಮ್ ವ್ಯಾಪ್ತೀಲಿ ಒಬ್ರೇ ಮೇಡಂ. ಟೈಪಿಂಗ್ ಮೇಷ್ಟ್ರು. ರಿಟೈರ್ ಆಗಿ ಏಳು ವರ್ಷ ಆಯ್ತು. ಲೈಸೆನ್ಸ್ ಮಾತ್ರ ಗಟ್ಟಿಯಾಗಿದೆ."

ಮೂಗಿಗಿಂತ ಮೂಗುತಿ ಭಾರ.

ಜನವರಿ 9, ಗುರುವಾರ

ಟೈಪಿಂಗ್ ಮೇಷ್ಟ್ರ ಮನೆ. ಮುಂದಿನ ಕೋಣೆಯಲ್ಲಿ ಆರು ಟೈಪ್‌ರೈಟರ್, ಆರಕ್ಕೂ ಹೊಲಿಸಿದ ಗವಸು. ಕಲಿಯುವವರು ಯಾರೂ ಇಲ್ಲ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಆ ಲೈಸೆನ್ಸು. ನೋಡಿ ಹೊಟ್ಟೆ ಉರಿಯಿತು.

"ಇದನ್ನ ನಾನು ಕೇಳಿದ್ದಲ್ಲಮ್ಮ. ಹಳೇ ಟೈಪಿಂಗ್ ಲೈಸೆನ್ಸ್ ವಾಪಸ್ ತಗೊಂಡು ಇದನ್ನ ಪೋಸ್ಟಲ್ಲಿ ಕಳಿಸಿದ್ರು. ಕಂಪ್ಯೂಟರ್ ಆನ್ ಮಾಡೋಕೂ ನಂಗೆ ಭಯ."

ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಏನೂ ಗೊತ್ತಿಲ್ಲದ ಮನುಷ್ಯ, ಕೊಟ್ಟಲ್ಲಿ ಸಹಿ ಹಾಕುತ್ತಾರೆ. "ಸುಮ್ನೆ ಬಂದು ಕೂತ್ಕೊಳ್ಳಿ ಸರ್, ಸಾಕು."

"ಸುಮ್ನೆ ಕೂರಕ್ಕಾಗಲ್ಲಮ್ಮ. ನಂಗೆ ಅರ್ಥ ಆದ ಗಂಟೆಗೆ ಸೈನ್ ಹಾಕ್ತೀನಿ. ಆಗಿಲ್ಲಾಂದ್ರೆ ಇಲ್ಲ."

ಸತ್ತೆ.

ಜನವರಿ 13, ಸೋಮವಾರ

ಶುರು. ದಿನಾ ಒಂದು ಗಂಟೆ, ಶನಿವಾರ ಎರಡು. ಆರು ವಾರ ಹಿಡಿಯುತ್ತದೆ. ಮೇಷ್ಟ್ರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದು ಕೊನೆಯ ಬೆಂಚಿನಲ್ಲಿ ಕೂತರು. ನೋಟ್ ಬುಕ್ಕೂ ತಂದಿದ್ದರು. ಮಕ್ಕಳು ಕಿಸಿಕಿಸಿ.

ಲಾಗ್ ಪುಸ್ತಕ ತೆರೆದು ಕ್ರಮಸಂಖ್ಯೆಯ ಜಾಗದಲ್ಲಿ 0 ಎಂದು ಬರೆದೆ. ಕೈ ತಾನೇ ಬರೆಯಿತು. ಪ್ರೋಗ್ರಾಮಿನಲ್ಲಿ ಎಣಿಕೆ ಸೊನ್ನೆಯಿಂದ. ಸಾಲಿನ ಮೊದಲ ಡಬ್ಬಿಯ ನಂಬರ್ ಸೊನ್ನೆ, ಎರಡನೆಯದರದ್ದು ಒಂದು. ಇದನ್ನು ಮಕ್ಕಳ ತಲೆಗೆ ತುಂಬಲೆಂದೇ ಲ್ಯಾಬಿನ ಬೆಂಚಿಗೂ ಬೀರುವಿಗೂ ಸೊನ್ನೆಯಿಂದ ನಂಬರ್ ಅಂಟಿಸಿದವಳು ನಾನು.

ಕ್ಲಾಸು ಮುಗಿದ ಮೇಲೆ ಪುಸ್ತಕ ಚಾಚಿದೆ. ಮೇಷ್ಟ್ರು ಪೆನ್ನು ತೆಗೆಯಲಿಲ್ಲ.

"ಬೋರ್ಡ್ ಮೇಲೆ ಪದೇ ಪದೇ 'ಐ' ಅಂತ ಬರ್ತಿತ್ತಲ್ಲ, ಅವನ್ಯಾರು?"

"ಅವನು ಎಣಿಸೋನು ಸರ್. ಒಂದೊಂದು ಸುತ್ತಿಗೂ ಒಂದೊಂದು ಹೆಚ್ಚಾಗ್ತಾನೆ."

"ಓ… ಗಾಣದೆತ್ತು ಎಷ್ಟು ಸುತ್ತು ಹಾಕ್ತು ಅಂತ ಲೆಕ್ಕ ಇಡೋನು."

ಹೌದು! ಒಂಬತ್ತು ವರ್ಷದಲ್ಲಿ ನನಗೇ ಹೊಳೆಯದ ಮಾತು. ಆದರೂ ಇನ್ನೂ ಮುಕ್ಕಾಲು ಗಂಟೆ ಸ್ಟಾಫ್ ರೂಮಿನಲ್ಲಿ ಒದ್ದಾಡಿಸಿ ಆಮೇಲೆ ಸಹಿ. ಸಹಿಯೂ ಉದ್ದ. ಕೊನೆಗೆ ಒಂದು ಸುರುಳಿ, ಅದರ ಕೆಳಗೆ ಎರಡು ಚುಕ್ಕಿ.

ಜನವರಿ 19, ಭಾನುವಾರ

ಟೈಪಿಂಗ್ ಅಭ್ಯಾಸ, ಮೇಷ್ಟ್ರ ಮನೆಯಲ್ಲಿ. ನಾನು ನಾಲ್ಕೇ ಬೆರಳಿನಲ್ಲಿ ಹೊಡೆಯುವವಳು. ಅವರು ಕೀಲಿಗಳ ಮೇಲೆ ಟವೆಲ್ ಮುಚ್ಚಿದರು. "ಈಗ ಹೊಡೀರಿ." ಕಿರುಬೆರಳು ನೋಯುತ್ತಿದೆ.

ಮನೆಗೆ ಬಂದರೆ ಯಜಮಾನರದ್ದು ಬೇರೆ: "ಏನು ಮಹಾರಾಯ್ತಿ, ಊರಿಗೆಲ್ಲ ಪಾಠ ಹೇಳೋಳು ಈಗ ಅ ಆ ಇ ಈ ತಿದ್ತಿದೀಯಂತೆ?" ನಕ್ಕೆ. ಆಮೇಲೆ ಬಚ್ಚಲಲ್ಲಿ ನಿಂತು ಅತ್ತೆ. ಯಾಕೆಂದು ಗೊತ್ತಿಲ್ಲ. ಸುಸ್ತು, ಅಷ್ಟೇ ಇರಬೇಕು.

ಫೆಬ್ರವರಿ 2, ಭಾನುವಾರ

ಎರಡೂ ಪರೀಕ್ಷೆ ಒಂದೇ ದಿನ. ಟೈಪಿಂಗ್ ಪಾಸು — ನಿಮಿಷಕ್ಕೆ ನಲವತ್ತೆರಡು ಪದ. ಲಿಖಿತ ಪರೀಕ್ಷೆಯ ಮೂರನೆಯ ಪ್ರಶ್ನೆ: 'ಒಂದು ಕಾರ್ಬನ್ ಹಾಳೆಯನ್ನು ಎಷ್ಟು ಬಾರಿ ಉಪಯೋಗಿಸಬಹುದು?' ಪ್ರೋಗ್ರಾಮಿಂಗ್ ಬಗ್ಗೆ ಒಂದಕ್ಷರ ಇಲ್ಲ. ಇದೂ ಪಾಸು, ಮೇಷ್ಟ್ರ ಹಳೆಯ ಗೈಡಿನ ಪುಣ್ಯ. ಕಾರ್ಬನ್ ಹಾಳೆ ನಾನು ಕೈಯಲ್ಲಿ ಹಿಡಿದು ಇಪ್ಪತ್ತು ವರ್ಷವಾಗಿದೆ.

ಫೆಬ್ರವರಿ 6, ಗುರುವಾರ

ಕೋಪ. ಅಕ್ಷರ ಸೊಟ್ಟ.

ಕ್ಲಾಸಾದ ಮೇಲೆ ಮೇಷ್ಟ್ರು ಮೆಲ್ಲಗೆ ಅಂದರು: "ಒಂದ್ಮಾತು ಹೇಳ್ತೀನಿ, ಬೇಜಾರಾಗ್ಬೇಡಿ. ನನ್ ಪಕ್ಕ ಕೂರೋ ಉದ್ದ ಜಡೆ ಹುಡುಗಿ ಇದಾಳಲ್ಲ, ನಾನು ಬಂದಾಗಿಂದ ನೋಡ್ತಿದೀನಿ, ಎಲ್ಲಾ ಪಕ್ಕದವಳದ್ದು ನೋಡಿ ಬರ್ಕೋತಾಳೆ. ನಿಮ್ಗೆ ಕಾಣಲ್ಲ. ನೀವು ಮುಂದಿನ ಎರಡು ಬೆಂಚಿಗೆ ಮಾತ್ರ ಪಾಠ ಮಾಡ್ತೀರಿ."

"ಆನ್ ಮಾಡೋಕೆ ಭಯ ಪಡೋರು ನಂಗೆ ಪಾಠ ಮಾಡೋದ್ ಹೇಳ್ಕೊಡ್ತೀರಾ?"

ಬಾಯಿಂದ ಜಾರಿತು. ಅವರು ಪೆನ್ನು ತೆಗೆದರು. ಸಹಿ ಹಾಕಿದರು, ಚುಕ್ಕಿ ಇಟ್ಟರು, ಹೋದರು. ಇಡೀ ಸಂಜೆ ಮನೆಯಲ್ಲಿ ಪಾತ್ರೆ ಕುಕ್ಕಿದೆ.

ಫೆಬ್ರವರಿ 7, ಶುಕ್ರವಾರ

ಉದ್ದ ಜಡೆಯವಳನ್ನು ಕರೆದು ಕೂರಿಸಿಕೊಂಡೆ. ಐದೇ ನಿಮಿಷದಲ್ಲಿ ಗೊತ್ತಾಯಿತು. "ನವೆಂಬರಿಂದ ಏನೂ ಅರ್ಥ ಆಗ್ತಿಲ್ಲ ಮಿಸ್." ಮೂರು ತಿಂಗಳು! "ಕೇಳೋದಲ್ವೇನೇ?" ಅಂದೆ. "ನೀವು ಬೇಗ ಬೇಗ ಹೋಗ್ತೀರಿ ಮಿಸ್" ಅಂದಳು.

ಕುಣಿಯಲಾರದವಳಿಗೆ ನೆಲ ಡೊಂಕು. ಇಷ್ಟು ದಿನ ನಾನು ಸುತ್ತೋಲೆಯನ್ನೇ ಬೈದುಕೊಂಡು ಕೂತಿದ್ದೆ. ಮೇಷ್ಟ್ರಿಗೆ ಕ್ಷಮಿಸಿ ಅಂದೆ. "ಅಯ್ಯೋ ಬಿಡಿ" ಅಂದು ತಮ್ಮ ನೋಟ್ ಬುಕ್ಕು ತೆಗೆದು ಒಂದು ಡೌಟು ಕೇಳಿದರು.

ಫೆಬ್ರವರಿ 14, ಶುಕ್ರವಾರ

ವಾರದಿಂದ ಕೊನೆಯ ಬೆಂಚಿನ ಪಕ್ಕ ನಿಂತೇ ಪಾಠ. ಇವತ್ತು ಉದ್ದ ಜಡೆಯವಳು ಯಾರದ್ದೂ ನೋಡದೆ ಒಂದು ಪ್ರೋಗ್ರಾಮ್ ಬರೆದಳು. ಪರದೆಯ ತುಂಬ ಅವಳ ಹೆಸರು ನೂರು ಸಲ ಬಂತು. ಕಿರುಚಿದಳು. ಮೇಷ್ಟ್ರು ಚಪ್ಪಾಳೆ ತಟ್ಟಿದರು.

ಫೆಬ್ರವರಿ 21, ಶುಕ್ರವಾರ

ನಲವತ್ತನೆಯ ಗಂಟೆ ಮುಗಿಯಿತು. ನಲವತ್ತು ಸುರುಳಿ, ಎಂಬತ್ತು ಚುಕ್ಕಿ. ಮೇಷ್ಟ್ರು ಭಾನುವಾರ ಮಗಳ ಊರಿಗೆ ಹೊರಟಿದ್ದಾರೆ, ಕಣ್ಣಿನ ಪೊರೆ ತೆಗೆಸಲು. ಬಸ್ಸಿನಲ್ಲಿ ಒಂಬತ್ತು ಗಂಟೆಯ ದಾರಿ. ಎರಡು ವಾರ ಬರುವುದಿಲ್ಲ. ಕಾಲಿಗೆ ಬೀಳಲು ಹೋದೆ, ಬೈದರು.

ಫೆಬ್ರವರಿ 24, ಸೋಮವಾರ. ಆಫೀಸಿನ ಬೆಂಚು, 11.40

ಪುಸ್ತಕ ವಾಪಸ್ ಬಂತು.

"ಮೇಡಂ, ಮೂವತ್ತೊಂಬತ್ತೇ ಇದೆ. ಒಂದು ಗಂಟೆ ಕಮ್ಮಿ."

ಕೊನೆಯ ಸಾಲಿನ ಕ್ರಮಸಂಖ್ಯೆ 39. "ಸೊನ್ನೆಯಿಂದ ಶುರು ಮಾಡಿದೀನಿ. ಸಹಿ ಎಣಿಸಿ ನೋಡಿ, ನಲವತ್ತಿದೆ."

ಎಣಿಸಿದ. ಪಾಪ, ಎರಡು ಸಲ ಎಣಿಸಿದ. "ನಲವತ್ತಿದೆ, ನಂಗೂ ಕಾಣ್ತಿದೆ. ಆದ್ರೆ ನಾನು ಕಂಪ್ಯೂಟರಿಗೆ ಹಾಕ್ಬೇಕಾಗಿರೋದು ಕೊನೇ ನಂಬರು. ಮೂವತ್ತೊಂಬತ್ತು ಅಂದ್ರೆ ಅದು ತಗೊಳ್ಳಲ್ಲ."

"ಸರಿ, ನಂಬರ್ ತಿದ್ದಿ ಕೊಡ್ತೀನಿ."

"ತಿದ್ದಿದ್ರೆ ಪುಸ್ತಕಾನೇ ರದ್ದು ಮೇಡಂ. ಇನ್ನೊಂದು ಗಂಟೆ ಪಾಠ ಮಾಡಿ, ಸೈನ್ ಹಾಕಿಸ್ಕೊಂಡು ಬನ್ನಿ. ಶುಕ್ರವಾರದ ತನಕ ಟೈಮಿದೆ."

ಆ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದ ಪುಣ್ಯಾತ್ಮನೂ ಸೊನ್ನೆಯಿಂದಲೇ ಎಣಿಸಿರುತ್ತಾನೆ, ಬೇಕಾದರೆ ಪಣ ಕಟ್ಟುತ್ತೇನೆ. ನನ್ನ ಕೆಟ್ಟ ಚಟ, ನನ್ನ ಜಂಬ. ಯಾರನ್ನು ಬೈಯಲಿ?

ಫೆಬ್ರವರಿ 25, ಮಂಗಳವಾರ

ಮೇಷ್ಟ್ರ ಫೋನ್ ಸ್ವಿಚ್ ಆಫ್. ಹನ್ನೊಂದು ಸಲ ಹಚ್ಚಿದೆ. ಮಗಳ ನಂಬರ್ ನನ್ನ ಹತ್ತಿರ ಇಲ್ಲ. ಹೆಡ್ ಮೇಡಂಗೆ ಎಲ್ಲ ಹೇಳಿದೆ. "ಅಯ್ಯೋ ಟೀಚರ್, ಒಂದರಿಂದ ಎಣಿಸೋಕೆ ಏನಾಗಿತ್ತು ನಿಮ್ಗೆ?" ಅಂದರು. ಟೈಪಿಂಗಿನ ಟೈಮ್ ಟೇಬಲ್ ಅವರ ಮೇಜಿನ ಮೇಲೆ ತಯಾರಾಗಿ ಕೂತಿತ್ತು.

ಫೆಬ್ರವರಿ 26, ಬುಧವಾರ

ಫೋನ್ ಇನ್ನೂ ಆಫ್. ಇವತ್ತು ಆಪರೇಷನ್ ಇರಬೇಕು. ಯಜಮಾನರು ಪೇಪರ್ ಓದುತ್ತಾ ಅಂದರು: "ನಲವತ್ತು ಗಂಟೆ ನಿಜವಾಗ್ಲೂ ಮಾಡಿದೀಯ ತಾನೇ? ಮತ್ತೆ ಒಂದು ಸೈನ್ ತಾನೇ. ನೀನೇ ಗೀಚು." ಎದ್ದು ಹೋದೆ. ಆದರೆ ಮಾತು ಕಿವಿಯೊಳಗೆ ಕೂತುಬಿಟ್ಟಿತು.

ಫೆಬ್ರವರಿ 27, ಗುರುವಾರ. ಬೆಳಿಗ್ಗೆ 7.15, ಲ್ಯಾಬ್

ಒಬ್ಬಳೇ. ರಫ್ ಹಾಳೆಯಲ್ಲಿ ಎಂಟು ಸಲ ಬರೆದೆ. ಸುರುಳಿ ಸುಲಭ. ಚುಕ್ಕಿ ಕಷ್ಟ, ಅವರು ಒತ್ತಿ ಇಡುತ್ತಾರೆ.

ಸಂಜೆ 4.30

ಇವತ್ತಿನ ಪಾಠ ನಿಜವಾಗಿಯೂ ಮಾಡಿದೆ, ಪೂರ್ತಿ ಒಂದು ಗಂಟೆ. ಆಮೇಲೆ ಬಾಗಿಲು ಹಾಕಿಕೊಂಡು 40 ಎಂದು ಬರೆದು, ಸಹಿ ಹಾಕಿದೆ. ಚೆನ್ನಾಗಿ ಬಂತು. ಇಪ್ಪತ್ತಮೂರು ಮಕ್ಕಳು, ಇಪ್ಪತ್ತಮೂರು ಮಕ್ಕಳು ಅಂತ ಹೇಳಿಕೊಂಡೇ ಹಾಕಿದೆ. ಉದ್ದ ಜಡೆಯವಳು ಈಗ ತಾನೇ ಕಣ್ಣು ಬಿಟ್ಟಿದ್ದಾಳೆ. ಅವಳನ್ನು ಹೇಗೆ ಟೈಪಿಂಗಿಗೆ ಕಳಿಸಲಿ…

ಫೆಬ್ರವರಿ 28, ಶುಕ್ರವಾರ. ಮಧ್ಯಾಹ್ನ 12

ಕೊಟ್ಟೆ. ಗುಮಾಸ್ತ 40 ಒತ್ತಿದ. ತಗೊಂಡಿತು. ಪುಸ್ತಕ ಅವನ ಬೀರುವಿಗೆ, ನಂಬರು ನನ್ನ ಕೈಗೆ. "ಒಳ್ಳೇದಾಯ್ತು ಮೇಡಂ" ಅಂತ ಮನಸಾರೆ ನಕ್ಕ. ನನಗೆ ನಗು ಬರಲಿಲ್ಲ.

3.50, ಲ್ಯಾಬ್

ಬೇಗ ಬರೆಯಬೇಕು. ಮುಖ ತೊಳೆಯಲು ಹೋಗಿದ್ದಾರೆ.

ಕೊನೆಯ ಪಿರಿಯಡ್ಡಿಗೆ ಲ್ಯಾಬಿಗೆ ಬಂದರೆ ಕೊನೆಯ ಬೆಂಚಿನಲ್ಲಿ ಟೈಪಿಂಗ್ ಮೇಷ್ಟ್ರು! ಅದೇ ಶರಟು, ಮುದ್ದೆಯಾಗಿದೆ. ಕಾಲ ಬಳಿ ಬ್ಯಾಗು. ಹೆಡ್ ಮೇಡಂ ಮಂಗಳವಾರದಿಂದ ಹುಡುಕಿ, ನಿನ್ನೆ ರಾತ್ರಿ ಹೇಗೋ ಮಗಳ ನಂಬರ್ ಸಿಕ್ಕಿ ಫೋನ್ ಮಾಡಿದ್ದಾರೆ. ಬರುತ್ತಾರೋ ಇಲ್ಲವೋ ಗೊತ್ತಿಲ್ಲದೆ ನನಗೆ ಹೇಳಿರಲಿಲ್ಲ, ಸುಮ್ಮನೆ ಆಸೆ ಹುಟ್ಟಿಸುವುದು ಬೇಡ ಅಂತ.

"ಆಪರೇಷನ್ ಸರ್?"

"ಕಣ್ಣು ಎಲ್ಲಿಗ್ ಹೋಗುತ್ತಮ್ಮ, ಮುಂದಿನ್ ವಾರ ಮಾಡಿಸ್ಕೊಂಡ್ರಾಯ್ತು. ನಂಗೂ ಬುದ್ಧಿ ಇರ್ಲಿಲ್ಲ ನೋಡಿ, ಸೊನ್ನೆ ಎದುರಿಗೆ ಸೈನ್ ಹಾಕೋವಾಗ ಒಂದ್ಮಾತು ಕೇಳ್ಬೇಕಿತ್ತು. ಪಾಠ ಶುರು ಮಾಡಿ, ಆಫೀಸು ಐದರ ತನಕ ಇರುತ್ತೆ."

ಮಾಡಿದೆ. ಏನು ಮಾಡಿದೆನೋ ದೇವರಿಗೇ ಗೊತ್ತು. ಮಕ್ಕಳು ಹೋದರು. "ಇವತ್ತಿನದು ಪೂರ್ತಿ ಅರ್ಥ ಆಯ್ತು" ಅಂದರು ಮೇಷ್ಟ್ರು. ಮುಖ ತೊಳೆದು ಬಂದು ಸೈನ್ ಹಾಕ್ತೀನಿ, ಪುಸ್ತಕ ತೆಗೆದಿಡಿ ಅಂದರು.

ಮೇಜಿನ ಮೇಲೆ ಪುಸ್ತಕ ಇಲ್ಲ. ಹೇಳಿದರೆ ನಂಬರು ಹೋಗುತ್ತದೆ, ಮಕ್ಕಳು ಹೋಗುತ್ತಾರೆ. ಹೇಳದಿದ್ದರೆ… ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತು ಬಂದ ಮನುಷ್ಯನಿಗೆ ಏನಂತ ಹೇಳದೆ ಇರುವುದು?

ಕಾರಿಡಾರಿನಲ್ಲಿ ಚಪ್ಪಲಿ ಸದ್ದು. ಗೋಡೆ ಹಿಡಿದುಕೊಂಡು ಬರುತ್ತಿದ್ದಾರೆ, ಪೆನ್ನಿನ ಮುಚ್ಚಳ ಆಗಲೇ ತೆಗೆದಿದ್ದಾರೆ. ಸರ್, ನಾನು