ಇವತ್ತು ಲಪಿಸ್ ಮಾಡಬೇಡ

ಲಾರಸ್, ಏಳುತ್ತಲೇ ಅಡುಗೆಮನೆಗೆ ಓಡಬೇಡ. ಇವತ್ತು ಆ ಪದರದ ಸಿಹಿತಿಂಡಿ ಲಪಿಸ್ ಬೇಯಿಸುವ ಕೆಲಸವಿಲ್ಲ. ಹಬೆಪಾತ್ರೆ ತೊಳೆದು ಮೇಲಿಟ್ಟಿದ್ದೇನೆ.

ಕೌನ್ಸೆಲರ್ ಹತ್ತಿರ ನಾನೊಬ್ಬಳೇ ಬಸ್ಸಿನಲ್ಲಿ ಹೋಗುತ್ತಿದ್ದೇನೆ, ಗಾಬರಿಯಾಗಬೇಡ. ಅನ್ನ, ಹುರಿದ ಸೋಯಾ ಟೆಂಪೆ ಮುಚ್ಚಿಟ್ಟಿದ್ದೇನೆ. ನಿನ್ನ ಮಾವನ ಬೆಳವಕ್ಕಿಯ ಪಂಜರವನ್ನು ಹೊರಗೆ ತೂಗುಹಾಕಿದ್ದೇನೆ, ಬಿಸಿಲೇರಿದ ಮೇಲೆ ಒಳಗೆ ತಾ. ಅವರು ತೀರಿಕೊಂಡ ಮೇಲೆ ಅದರ ಮುಖ ನೋಡುವ ಧೈರ್ಯ ನನಗೆ ಬಂದದ್ದು ಇವತ್ತೇ.

"ಕೌನ್ಸೆಲರ್ ಹತ್ರ ಹೋಗೋದು ಕೇರಿಯೋರಿಗೆ ಗೊತ್ತಾದ್ರೆ ನಾನು ಹೊಸಿಲು ದಾಟಲ್ಲ" ಎಂದು ಹಟ ಹಿಡಿದಿದ್ದೆ. ಅತ್ತೆ ಅಡುಗೆ ಕ್ಲಾಸಿಗೆ ಹೋಗುತ್ತಾರೆಂದು ನೀನು ಎಲ್ಲರಿಗೂ ಸುಳ್ಳು ಹೇಳಿದೆ. ಆ ಸುಳ್ಳು ಬಯಲಾಗದಿರಲೆಂದು ಎಂಟು ಮಂಗಳವಾರ ನಸುಕಿನಲ್ಲೇ ಎದ್ದು ಪದರ ಪದರವಾಗಿ ಲಪಿಸ್ ಬೇಯಿಸಿ, "ನಮ್ಮತ್ತೆ ಕಲ್ತಿದ್ದು, ತಿಂದು ನೋಡಿ" ಎಂದು ಮನೆಮನೆಗೆ ಹಂಚಿದೆ. ನಾನು ಹೆತ್ತ ಮಗನಿಗೂ ಇದು ಹೊಳೆಯುತ್ತಿರಲಿಲ್ಲ. ಒಂದು ವಾರ ನೀನು ಸಕ್ಕರೆ ಮರೆತಾಗ ಕೇರಿಯವರಿಂದ ಮಾತು ಕೇಳಿದವಳು ಮಾತ್ರ ನಾನು, ಇರಲಿ.

ನಿನ್ನೆ ಪಕ್ಕದ ಮನೆಯ ಮುರ್ನಿಗೆ ನಾನೇ ನಿಜ ಹೇಳಿಬಿಟ್ಟೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಬಾಗಿಲು ಮುಂದೆ ಮಾಡಿ ಬಂದು, "ನಂಗೂ ಅಲ್ಲೊಂದು ಜಾಗ ಸಿಗುತ್ತಾ, ಅಕ್ಕಾ?" ಅಂದಳು.

ಮುಂದಿನ ಮಂಗಳವಾರ ನನ್ನ ಜೊತೆ ಅವಳೂ ಬರುತ್ತಾಳೆ. ಗಂಡನಿಗೆ ಅಡುಗೆ ಕ್ಲಾಸು ಅಂದಿದ್ದಾಳಂತೆ. ಹಾಗಾಗಿ ಲಪಿಸ್‌ಗೆ ಈ ವಾರ ಮಾತ್ರ ರಜೆ, ಮಗಳೇ. ಮುಂದಿನ ವಾರ ನಸುಕಿನಲ್ಲಿ ನಾನು ಏಳುತ್ತೇನೆ. ಅದನ್ನು ಮಾಡುವುದು ಹೇಗೆಂದು ನನಗೆ ಕಲಿಸಿಕೊಡು.