ಸೀಟಿನ ಹಲಗಿ

೯-೨-೭೪, ಇಂಡಿ. ಮುಂಜಾನೆ
ಮತ್ತ ಅದ ಗೋಳು. ನಾಟಕದ ಪರದೆ ಬೇಕಂದ್ರ ವ್ಯಾನಿನಾಗ ಮಲಗಿದವರೆಲ್ಲಾ ಏಳಬೇಕು. ಒಬ್ಬ ಸೀಟಿನ ಹಲಗಿ ಎತ್ತಿ ಹಿಡೀಬೇಕು, ಇನ್ನೊಬ್ಬ ಕೆಳಗ ಕೈ ಹಾಕಬೇಕು. ಹೋದ ವರ್ಷ ಕೈ ಹಾಕಿದಾಂವ ನಾನು. ಹಿಡಿದಾಂವ ಶ್ರೀಶೈಲಪ್ಪ, ನಾಟಕ ಕಂಪನಿ ಪೇಟಿ ಮಾಸ್ತರ, ಹಾರ್ಮೋನಿಯಂ ಬಾರಸಾಂವ. ಬಿಟ್ಟ. ಬಲಗೈ ಎರಡು ಬೆರಳು ಹೋದವು. ತಬಲಾ ಬಾರಸೂದು ಹೋತು. "ಜಾರ್ತೋ ರೇವಪ್ಪಾ" ಅಂದ. ಈಗ ನಾ ಪರದೆ ಎಳೀತೇನಿ. ಅಂವ ಇನ್ನೂ ಪೇಟಿ ಬಾರಸ್ತಾನ.

೧೧-೨
ಮಾಲಕ ಗುರುಲಿಂಗಪ್ಪನವರು ಕರದ್ರು. "ನೀ ಬಡಿಗ್ಯಾರ ಮಗ ಅಲ್ಲೇನು? ಸಾಮಾನು ಲಗೂನ ಸಿಗೋಹಂಗ ಸೀಟು ಮಾಡು."
"ಹೂಂನ್ರಿ."
ದಾರಿ ಎರಡು ಅದಾವ. ಬಾಜೂಕ ಖಾನೆ ಇಟ್ರ ಎಳಕೊಂಡು ತಗೀಬಹುದು, ಯಾರಿಗೂ ಅಪಾಯಿಲ್ಲ. ಇಲ್ಲಾ ಬಿಜಾಗ್ರಿ ಜಡದು, ಹಲಗಿ ಮುಚ್ಚಳದಂಗ ಎತ್ತಿ, ಕಬ್ಬಿಣ ಸರಳಿಗೆ ಆನಿಸೋದು. ಸರಳು ಸರದ್ರ...
ಸರಳನ್ನ ಆರಿಸ್ದೆ.

೧೯-೨, ಸಿಂದಗಿ
ಸೀಟು ತಯಾರ. ಸಾಗವಾನಿ ಹಲಗಿ, ದಪ್ಪಂದು — ಬೇಕಂತನ. ಎಲ್ಲಾರೂ ಶಾಬ್ಬಾಸ್ ಅಂದ್ರು. ಮಾಸ್ತರನೂ ಬೆನ್ನ ಚಪ್ಪರಿಸ್ದ. ಮೈ ಉರೀತು.
ಆದ್ರ ಅಂವ ಒಳಗ ಕೈ ಹಾಕವಲ್ಲ. ದಿನಾ "ರೇವಪ್ಪಾ, ಪೇಟಿ ತಕ್ಕೊಡೊ" ಅಂತಾನ.

೪-೩, ಮುದ್ದೇಬಿಹಾಳ. ಸಂಜಿ
ಆತು.
ನಾಟಕಕ್ಕ ಇನ್ನೂ ತಾಸಿತ್ತು. ಪರದೆ ಕಟ್ಟಿ ವ್ಯಾನಿಗೆ ತಿರುಗಿ ಬಂದೆ. ಮಾಸ್ತರ ಕಾಯ್ದು ಬ್ಯಾಸತ್ತು ತಾನ ಹಲಗಿ ಎತ್ತಿದ್ದ, ಎರಡೂ ಕೈ ಒಳಗ. ಸರಳಿಗೆ ಒಂದ ಒದ್ದೆ. "ಯವ್ವಾ" ಅಂತ ಚೀರಿದ್ದು ಬಜಾರದತನಾ ಕೇಳಸ್ತು.
ಸಮಾಧಾನ ಆತು. ಸುಳ್ಳ್ಯಾಕ ಬರೀಲಿ.

೯-೩, ಬಸವನ ಬಾಗೇವಾಡಿ
ನಾಟಕ ನಿಂತಾವ. ಮಾಸ್ತರನ ಎರಡೂ ಕೈಗೆ ಪಟ್ಟಿ. ಉಣಸೋ ಪಾಳಿ ನಂದು — ಮಾಲಕರ ಹುಕುಂ. ರೊಟ್ಟಿ, ಜುಣಕಾ. ಬೇಕಂತನ ಖಾರ ಜಾಸ್ತಿ ಹಚ್ಚಿದೆ. ಅಷ್ಟೂ ಉಂಡ. ಆಮ್ಯಾಲೆ ಅಂದ, "ನೀ ಒದ್ದದ್ದು ನೋಡೇನಿ."
"ಮಾಲಕರಿಗೆ ಹೇಳ್ರಿ ಮತ್ತ."
"ಯಾವ ಬಾಯಿಲೆ ಹೇಳ್ಲಿ? ಅವತ್ತ ನಾನೂ ಬೇಕಂತನ ಬಿಟ್ಟೆ. ಜನ ನನ್ನ ಪೇಟಿ ಕೇಳ್ತಿದ್ದಿಲ್ಲೊ. ನಿನ್ನ ತಬಲಾಕ್ಕ ಬರ್ತಿದ್ರು."
ಗೊತ್ತಿತ್ತು. ಆದ್ರೂ ಅವನ ಬಾಯಿಂದ ಕೇಳಿ ಮಾರಿಗೆ ಬಡೀಬೇಕು ಅನಸ್ತು. ಈ ಕಡೆ ಬಂದು ಕುಂತು ಬರ್ಯಾಕತ್ತೇನಿ.
ಅಂವ ಅಲ್ಲೇ ಕುಂತಾನ. ಖಾರಕ್ಕ ಕಣ್ಣಾಗ ನೀರು ಸುರ್ಯಾಕತ್ತಾವ, ಒರಸ್ಕೊಳ್ಳಾಕ ಕೈ ಇಲ್ಲ. ನೀರು ಕೊಡು ಅಂದ. ಅನ್ಲಿ. ಇನ್ನೊಮ್ಮೆ ಅಂದ. ಅನ್ಲಿ...
ಈಗ ಅನ್ನವಲ್ಲ. ಬಾಯಿ ತಗದು ನನ್ನ ಕಡೆ ನೋಡಾಕತ್ತಾನ.
ನೀರಿನ ತಂಬಿಗಿ ಎಲ್ಲಿ—